ಯಾರ ಕೈಯಿಂದ ಉಂಡಿರಿ

ಕಮಲಾಪುರದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವರು ಕೂತಲ್ಲೇ ಹೋಗಿಬಿಟ್ಟರು. ಕಲಬುರಗಿಯ ಬಸ್ಸು ಬಂದು ನಿಂತಿತ್ತಂತೆ. ದಿನಾ ನೋಡುವ ಕಂಡಕ್ಟರು ‘ಚಾಚಾ, ಏಳ್ರಿ, ಬಸ್ ಬಂದದ’ ಎಂದು ಎರಡು ಸಲ ಕೂಗಿದನಂತೆ. ನಿದ್ದೆ ಹತ್ತಿರಬೇಕೆಂದು ಇಳಿದುಬಂದು ಹೆಗಲು ಮುಟ್ಟಿದಾಗ ತೊಡೆಯ ಮೇಲಿನ ಕೈಚೀಲ ಜಾರಿತು. ಅದರೊಳಗಿಂದ ಪ್ಲಾಸ್ಟಿಕ್ಕಿನ ಖಾಲಿ ಡಬ್ಬಿಗಳು ನೆಲದ ಮೇಲೆ ಉರುಳಿದವು. ಒಂದರ ಮುಚ್ಚಳದ ಮೇಲೆ ನನ್ನ ಹೆಸರು, ಫೋನ್ ನಂಬರು ಇತ್ತು. ಹಾಗಾಗಿ ಅವರ ಮನೆಯವರಿಗಿಂತ ಮೊದಲು ಸುದ್ದಿ ನನಗೆ ಬಂತು.

ನಾನು ಹೂಂ ಅಂದೆ. ಫೋನಿಟ್ಟು ಮತ್ತೆ ಉಳ್ಳಾಗಡ್ಡಿ ಹೆಚ್ಚತೊಡಗಿದೆ. ಅರ್ಧ ಬುಟ್ಟಿ ಮುಗಿದ ಮೇಲೆ ನನ್ನ ಹೆಂಡತಿ ಮಹಾದೇವಿ, ಯಾರ ಫೋನು ಎಂದು ಕೇಳಿದಳು. ಚಾಚಾ ಅಂದೆ, ಇನ್ನೊಂದು ಉಳ್ಳಾಗಡ್ಡಿ ಎತ್ತಿಕೊಂಡೆ. ಮುಂಜಾನೆ ಏಳಕ್ಕೆ ತಾನೇ ಅವರು ಫೋನು ಮಾಡಿ, ಹನ್ನೊಂದಕ್ಕೆ ನಂದೂರಿಗೆ ಬರುತ್ತೇನೆ, ಎಲ್ಲಾರ ‘ಮಾಲು’ ತಯಾರಿರಲಿ ಎಂದು ನಕ್ಕಿದ್ದರು. ಆ ನಗು ಕಿವಿಯಲ್ಲಿ ಇನ್ನೂ ಇತ್ತು. ಈಗಲೂ ಇದೆ. ಮನುಷ್ಯ ಇಲ್ಲ ಎಂಬುದು ಮಾತ್ರ ಇವತ್ತಿಗೂ ತಲೆಗೆ ಇಳಿಯುತ್ತಿಲ್ಲ.

ಚಾಚಾ ಲ್ಯಾಬ್ ಟೆಕ್ನೀಷಿಯನ್. ಸರ್ಕಾರಿ ನೌಕರಿ ಮುಗಿಸಿ ಸೇಡಂ ರಸ್ತೆಯ ಒಂದು ಸಣ್ಣ ನರರೋಗದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಲ್ಯಾಬೆಂದರೆ ಮೆಟ್ಟಿಲ ಕೆಳಗಿನ ಒಂದು ಖೋಲಿ. ಎದ್ದು ನಿಂತರೆ ತಲೆ ತಾಗುತ್ತಿತ್ತು. ರಕ್ತ, ಉಚ್ಚೆ, ಮಲ ಎಲ್ಲಾ ಪರೀಕ್ಷೆ ಅಲ್ಲೇ. ಮಲಕ್ಕೆ ಅವರು ‘ಮಾಲು’ ಅನ್ನುತ್ತಿದ್ದರು. ಡಬ್ಬಿಯನ್ನು ಸೆರಗಿನಲ್ಲೋ ಪೇಪರಿನಲ್ಲೋ ಮುಚ್ಚಿಕೊಂಡು ಬಾಗಿಲಲ್ಲಿ ನಾಚಿ ನಿಂತವರನ್ನು, ‘ಬರ್ರಿ ಬರ್ರಿ, ಮಾಲ್ ತಂದೀರೇನು? ನಾಚಕಿ ಯಾಕ್ರಿ, ಕಲೆಕ್ಟರ್ ಸಾಹೇಬ್ರ ಮನ್ಯಾಗೂ ಇದೇ ತಯಾರಾಗ್ತದ’ ಎಂದು ಒಳಗೆ ಕರೆಯುತ್ತಿದ್ದರು.

ಅವರ ಉಗುರು ನಾನು ನೋಡಿದಷ್ಟು ದಿನವೂ ಚರ್ಮಕ್ಕೆ ಅಂಟಿಕೊಂಡಷ್ಟು ಗಿಡ್ಡವಾಗಿರುತ್ತಿತ್ತು. ಯಾರಿಗೂ ಕೈ ಕೊಡುತ್ತಿರಲಿಲ್ಲ. ಎದೆಯ ಮೇಲೆ ಬಲಗೈ ಇಟ್ಟು ತಲೆ ಬಾಗಿಸುತ್ತಿದ್ದರು, ಅಷ್ಟೇ. ಹೊಸಬರು ಇದನ್ನು ದೊಡ್ಡಸ್ತಿಕೆ ಅಂದುಕೊಳ್ಳುತ್ತಿದ್ದರು. ಹೊರಗೆ ಏನೂ ತಿನ್ನುತ್ತಿರಲಿಲ್ಲ. ಕಮಲಾಪುರದಿಂದ ಬರುವಾಗ ಅವರ ಊರಿನ ಕೆಂಪು ಬಾಳೆಹಣ್ಣು ಎರಡು ಚೀಲದಲ್ಲಿರುತ್ತಿದ್ದವು. ಮಧ್ಯಾಹ್ನ ಅದೇ ಊಟ. ಡಾಕ್ಟರು ತಮಾಷೆ ಮಾಡಿದರೆ, ‘ಇದಕ್ಕ ಅಲ್ಲಾನೇ ಪ್ಯಾಕಿಂಗ್ ಮಾಡ್ಯಾನ್ರಿ ಸಾಹೇಬ್ರ, ನಡು ಯಾರ ಕೈಯೂ ಹತ್ತಂಗಿಲ್ಲ’ ಎಂದು ಸಿಪ್ಪೆ ಸುಲಿಯುತ್ತಿದ್ದರು.

ಇನ್ನೊಂದು ರೂಢಿ ಇತ್ತು. ಗಾಜಿನ ಕೆಳಗೆ ಏನಾದರೂ ಸಿಕ್ಕರೆ ರೋಗಿಯನ್ನೇ ಸ್ಟೂಲಿನ ಮೇಲೆ ಕೂರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿಸುತ್ತಿದ್ದರು. ‘ನಿಮ್ದೇ, ನೀವೇ ನೋಡ್ರಿ’ ಅನ್ನುತ್ತಿದ್ದರು. ಡಾಕ್ಟರು ಇದಕ್ಕೆ ಎಷ್ಟೋ ಸಲ ಬೈದಿದ್ದಾರೆ, ರೋಗಿಗಳು ಹೆದರುತ್ತಾರೆಂದು. ಅವರು ಹೂಂ ಅನ್ನುತ್ತಿದ್ದರು, ಮರುದಿನ ಮತ್ತೆ ಯಾರನ್ನೋ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಹೆದರಲಿ, ಆದರೆ ಕೇಳಿದ್ದಕ್ಕೆ ಹೆದರುವುದು ಬೇಡ, ನೋಡಿದ್ದಕ್ಕೆ ಹೆದರಲಿ ಎಂಬುದು ಅವರ ವಾದ.

ನನಗೆ ಅವರ ಪರಿಚಯವಾದದ್ದು ಕೇಶವನಿಂದ.

ನಮ್ಮದು ಊಟದ ಡಬ್ಬಿಯ ಕೆಲಸ. ಜೇವರ್ಗಿ ಕಾಲೋನಿಯ ಹಿಂದೆ ಎರಡು ಖೋಲಿಯ ಮನೆ, ಮುಂದೆ ಒಲೆ. ರೊಟ್ಟಿ, ಚಪಾತಿ ನನ್ನ ತಾಯಿಯದು, ಬೇಳೆ, ಪಲ್ಯ ಮಹಾದೇವಿಯದು, ಪಚಡಿ ನನ್ನದು. ಸೌತೆಕಾಯಿ, ಉಳ್ಳಾಗಡ್ಡಿ, ಮೂಲಂಗಿ, ಹಸಿ ಮೆಂತೆ ಸೊಪ್ಪು ಸಣ್ಣಗೆ ಹೆಚ್ಚಿ, ಶೇಂಗಾ ಹಿಂಡಿ ಉದುರಿಸಿ, ಎಣ್ಣೆ ಬಿಟ್ಟು ಕೈಯಿಂದ ಕಲಸುತ್ತಿದ್ದೆ. ಮನೆಯಲ್ಲಿ ತಾಯಿಗೆ ಹಲ್ಲಿಲ್ಲ, ಮಹಾದೇವಿಗೆ ಹಸಿ ಸೊಪ್ಪು ಸೇರುವುದಿಲ್ಲ. ಪಚಡಿ ಪೂರಾ ಡಬ್ಬಿಗೇ ಹೋಗುತ್ತಿತ್ತು. ನಂದೂರಿನ ಬೇಳೆ ಮಿಲ್ಲುಗಳಿಗೆ ನಾನೇ ಗೂಡ್ಸ್ ಆಟೋದಲ್ಲಿ ಒಯ್ಯುತ್ತಿದ್ದೆ. ಅಲ್ಲಿನ ಹಮಾಲರು, ವಾಚ್‌ಮನ್ನರು ಬಿಹಾರ, ಒಡಿಶಾ, ನೇಪಾಳದವರು. ಪಚಡಿ ಇನ್ನಷ್ಟು ಹಾಕು ಎಂದು ಕೇಳಿಯೇ ಕೇಳುವರು. ನಾನು ಹಿಗ್ಗುತ್ತಿದ್ದೆ.

ಕೇಶವ ನೇಪಾಳದವನು, ಒಂದು ಮಿಲ್ಲಿನ ಗೇಟು ಕಾಯುತ್ತಿದ್ದ. ಒಂದು ಮಧ್ಯಾಹ್ನ ನಾನು ಡಬ್ಬಿ ಇಳಿಸುತ್ತಿದ್ದಾಗ ನನ್ನ ಕಣ್ಣೆದುರೇ ಧಡ್ಡನೆ ಬಿದ್ದ. ಕೈಕಾಲು ಸೆಟೆದು ಬಾಯಲ್ಲಿ ನೊರೆ. ಒಬ್ಬ ಕಬ್ಬಿಣದ ಕೀಲಿಕೈ ತಂದು ಮುಷ್ಟಿಯಲ್ಲಿ ತುರುಕಿದ, ಇನ್ನೊಬ್ಬ ನನ್ನ ಡಬ್ಬಿಯಿಂದಲೇ ಉಳ್ಳಾಗಡ್ಡಿ ತೆಗೆದು ಮೂಗಿಗೆ ಹಿಡಿದ. ಕುಡಿದಿದ್ದಾನೆ ಎಂದರು ಕೆಲವರು. ಡಬ್ಬಿಗಳ ನಡುವೆಯೇ ಅವನನ್ನು ಮಲಗಿಸಿಕೊಂಡು ಸೇಡಂ ರಸ್ತೆಗೆ ಹೊಡೆದೆ.

ಅವನಿಗೆ ಎಚ್ಚರ ಬಂದ ಮೇಲೆ ಡಾಕ್ಟರು ಎಷ್ಟು ಕೇಳಿದರೂ ಒಂದೇ ಮಾತು: ಚಕ್ಕರ್ ಬಂತು, ಏನೂ ತಿಂದಿರಲಿಲ್ಲ. ಮೊದಲೂ ಹೀಗಾಗಿತ್ತೇ ಎಂದರೆ ಇಲ್ಲ. ರಕ್ತ ತೆಗೆಯಲು ಬಂದವರು ಚಾಚಾ. ಸೂಜಿ ಹಾಕುವ ಮೊದಲು ಹೆಸರು ಕೇಳಿದರು. ಜೊತೆಗೆ ಬಂದಿದ್ದ ಮಿಲ್ಲಿನ ಮುಕದ್ದಮ, ಹಮಾಲರ ಮೇಸ್ತ್ರಿ, ‘ಬಹಾದ್ದೂರ್ ಅಂತ ಬರೀರಿ’ ಅಂದ. ಚಾಚಾ ಅವನ ಕಡೆ ನೋಡಲೇ ಇಲ್ಲ. ರೋಗಿಯೇ ಹೇಳುವ ತನಕ ಕಾದು, ಕೇಶವ ಎಂದು ಬರೆದರು. ಅವರ ಹತ್ತಿರ ಒಂದು ಸಣ್ಣ ಪುಸ್ತಕ ಇತ್ತು. ಮೂರ್ಛೆರೋಗಕ್ಕೆ ಯಾವ ಯಾವ ನಾಡಿನವರು ಏನೇನು ಅನ್ನುತ್ತಾರೆ ಎಂದು ಉರ್ದುವಿನಲ್ಲಿ ಬರೆದಿಟ್ಟುಕೊಂಡಿದ್ದರು. ಅದನ್ನು ತಿರುವಿ, ಮುಕದ್ದಮನನ್ನು ಹೊರಗೆ ಕಳಿಸಿ, ಕೇಶವನ ಕಿವಿಯ ಹತ್ತಿರ ಮೆಲ್ಲಗೆ ‘ಛಾರೇ ರೋಗ?’ ಎಂದರು. ಅವನ ಊರಿನ ಮಾತು. ಕೇಶವ ಅಳತೊಡಗಿದ. ನಾಲ್ಕು ತಿಂಗಳಲ್ಲಿ ಇದು ಐದನೆಯ ಸಲವಂತೆ. ಗೊತ್ತಾದರೆ ಮಿಲ್ಲಿನಿಂದ ಗೇಟ್‌ಪಾಸ್ ಕೊಟ್ಟುಬಿಡುತ್ತಾರೆ ಎಂದು ಮುಚ್ಚಿಟ್ಟಿದ್ದ.

ಸ್ಕ್ಯಾನಿನಲ್ಲಿ ಮೆದುಳಿನಲ್ಲಿ ಎರಡು ಉಂಗುರ ಕಂಡವು. ಮೊದಲು ಕ್ಷಯದ ಗಂಟು ಇರಬಹುದು ಅಂದರು. ಆಮೇಲೆ ದೊಡ್ಡ ಸ್ಕ್ಯಾನಿನಲ್ಲಿ ಉಂಗುರದೊಳಗೆ ಒಂದು ಚುಕ್ಕೆ ಕಂಡಿತು. ಲಾಡಿಹುಳದ ಮರಿ, ಅದರ ತಲೆ ಅದು ಎಂದರು ಡಾಕ್ಟರು. ಕಣ್ಣಿನಲ್ಲೂ ಇದೆಯೇ ಎಂದು ನೋಡಿಸಿ, ಫಿಟ್ಸಿನ ಗುಳಿಗೆ, ಊತದ ಗುಳಿಗೆ ಮೊದಲು ಶುರುಮಾಡಿ, ಆಮೇಲೆ ಹುಳದ ಔಷಧ ಕೊಟ್ಟರು. ಒಳ್ಳೆಯ ಡಾಕ್ಟರು. ಆದರೆ ಚೀಟಿಯ ಮೇಲೆ ‘ನೇಪಾಳದಿಂದ ಬಂದವನು’ ಎಂದು ಬರೆದು ಅದರ ಕೆಳಗೆ ಗೆರೆ ಎಳೆದರು. ಅಲ್ಲಿಂದ ತಂದಿದ್ದಾನೆ ಎಂದು ಎಲ್ಲರೂ ಒಪ್ಪಿದೆವು. ಮಿಲ್ಲಿನಲ್ಲಿ ಜನ ಅವನಿಂದ ದೂರ ಕೂತು ಉಣ್ಣತೊಡಗಿದರು.

ಐದು ತಿಂಗಳಿಗೆ ಅದೇ ಮಿಲ್ಲಿನ ಕೆಲಸಗಾರರ ಶೆಡ್ಡಿನಲ್ಲಿ ಇನ್ನೊಬ್ಬ ಬಿದ್ದ. ಬಿಹಾರದ ಮುಸ್ಲಿಂ ಹಮಾಲ. ಈ ಸಲ ಮುಕದ್ದಮ ಜಾಣನಾಗಲು ಹೋದ. ಇದು ಹುಳದ್ದೇ ಎಂದು ಮೆಡಿಕಲ್ ಅಂಗಡಿಯಿಂದ ಹುಳದ ಗುಳಿಗೆ ತಂದು ಮೂರು ದಿನ ನುಂಗಿಸಿದ. ಮೂರನೆಯ ದಿನ ಹಮಾಲನಿಗೆ ಫಿಟ್ಸಿನ ಮೇಲೆ ಫಿಟ್ಸು. ಆಸ್ಪತ್ರೆಗೆ ತರುವಾಗ ಮಾತೇ ನಿಂತಿತ್ತು. ಚಾಚಾ ಸಿಟ್ಟಾದದ್ದನ್ನು ನಾನು ನೋಡಿದ್ದು ಆಗೊಮ್ಮೆ ಮಾತ್ರ. ದನಿ ಏರಿಸಲಿಲ್ಲ. ಮುಕದ್ದಮನನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದರು:

‘ಹೊಟ್ಟ್ಯಾಗಿನ ಹುಳ ಸತ್ರ ಹೊರಗ ಹೋಗ್ತದ. ತಲ್ಯಾಗಿಂದು ಎಲ್ಲಿಗಿ ಹೋಗಬೇಕ್ರಿ? ಅಲ್ಲೇ ಸಾಯ್ತದ, ಮೆದುಳ ಊದಿಸಿ ಸಾಯ್ತದ. ಊದೋದು ತಡೀಲಾಕ ಡಾಕ್ಟರ್ ಮೊದಲ ಔಷಧ ಕೊಡ್ತಾರ. ನೀವು ಬೆಂಕಿ ಹಚ್ಚಿ ಆಮ್ಯಾಲ ನೀರ ಹುಡುಕ್ಲಾಕ ಹೊಂಟೀರಿ.’

ಹಮಾಲ ಬದುಕಿದ. ಮಾತು ತೊದಲುತ್ತಿತ್ತು, ಊರಿಗೆ ಹೋದ. ಅದೇ ವಾರ ಕೇಶವನ ಎರಡನೆಯ ಸ್ಕ್ಯಾನು ಬಂತು. ಹಳೆಯ ಎರಡು ಗುಳ್ಳೆ ಒಣಗಿ ಸುಣ್ಣದ ಚುಕ್ಕೆಯಾಗಿದ್ದವು. ಪಕ್ಕದಲ್ಲಿ ಹೊಸದೊಂದು ಇತ್ತು. ಡಾಕ್ಟರು ಅವನನ್ನು ಮತ್ತೆ ಸೇರಿಸಿಕೊಂಡರು. ಚಾಚಾ ಆ ಫಿಲಂ ಅನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನಿಂತರಂತೆ. ಆಮೇಲೆ ಡಾಕ್ಟರ ಮೇಜಿನ ಮೇಲಿಟ್ಟು, ಕೇಶವ ಎರಡು ವರ್ಷದಿಂದ ಊರಿಗೆ ಹೋಗಿಲ್ಲ, ಇದು ಹೊಸಾದು, ಇದನ್ನು ನೇಪಾಳದಿಂದ ಯಾರು ತಂದುಕೊಟ್ಟರು ಎಂದು ಕೇಳಿದರಂತೆ.

ಅವತ್ತು ವಾರ್ಡಿಗೆ ಹೋಗಿ ಕೇಶವನನ್ನು ಹೊಸದಾಗಿ ವಿಚಾರಿಸಿದರು. ನಾನು ಡಬ್ಬಿ ಕೊಡಲು ಹೋಗಿ ಅಲ್ಲೇ ನಿಂತಿದ್ದೆ. ಈ ಹುಳ ಬರುವುದು ಮುಸಲ್ಮಾನರು ಹೆಸರೂ ಎತ್ತದ ಪ್ರಾಣಿಯ ಮಾಂಸದಿಂದ. ಅವನು ಬ್ರಾಹ್ಮಣ, ಹುಟ್ಟಿದಾಗಿನಿಂದ ಆ ಮಾಂಸ ಮುಟ್ಟಿದವನಲ್ಲ. ಬಿಹಾರದವನ ಮನೆಯಲ್ಲೂ ಅದಿಲ್ಲ. ‘ನಾವು ಇಷ್ಟು ದಿನ ತಪ್ಪು ಕೇಳ್ಲಾಕತ್ತಿದ್ದೆವು’ ಎಂದು ಚಾಚಾ ನನ್ನ ಕಡೆ ತಿರುಗಿ ಹೇಳಿದರು. ‘ಏನ ಉಂಡಿರಿ ಅಂತ ಕೇಳ್ತೀವಿ. ಯಾರ ಕೈಯಿಂದ ಉಂಡಿರಿ ಅಂತ ಕೇಳ್ಬೇಕು.’

ನನ್ನ ಕೈಯಲ್ಲಿ ಡಬ್ಬಿ ಇತ್ತು.

ಅವರು ತಿಳಿಸಿ ಹೇಳಿದ್ದು ಇಷ್ಟು. ಸರಿಯಾಗಿ ಬೇಯದ ಆ ಮಾಂಸ ತಿಂದವನ ಹೊಟ್ಟೆಯಲ್ಲಿ ಲಾಡಿಹುಳ ಬೆಳೆಯುತ್ತದೆ. ಅವನಿಗೆ ಏನೂ ಆಗುವುದಿಲ್ಲ, ಆರಾಮಾಗಿ ತಿರುಗುತ್ತಾನೆ. ಕಣ್ಣಿಗೆ ಕಾಣದ ಅದರ ತತ್ತಿ ಅವನ ಮಲದಿಂದ ಕೈಗೆ ಅಂಟಿ, ಆ ಕೈಯಿಂದ ಇನ್ನೊಬ್ಬರ ಹಸಿ ಊಟಕ್ಕೆ ಹೋಗುತ್ತದೆ. ಆ ಇನ್ನೊಬ್ಬರು ಎಂಥ ಶುದ್ಧ ಶಾಕಾಹಾರಿಯಾಗಿರಲಿ, ಮರಿ ಅವರ ಮೆದುಳಿಗೆ ಏರುತ್ತದೆ. ತಿಂದವನೊಬ್ಬ, ಬೀಳುವವನು ಇನ್ನೊಬ್ಬ.

ಮರುದಿನ ಬೆಳಿಗ್ಗೆ ಆರಕ್ಕೆ ಚಾಚಾ ನಮ್ಮ ಬಾಗಿಲಲ್ಲಿದ್ದರು. ಮೂವರಿಗೂ ಒಂದೊಂದು ಡಬ್ಬಿ, ಹೆಸರು ಬರೆದು. ನನ್ನ ತಾಯಿ ಪೂಜೆಗೆ ಕೂತಿದ್ದವಳು ಎದ್ದು ಬಂದು, ಲಿಂಗ ಕಟ್ಟಿದವರ ಮನೆಗೆ ಬಂದು ಇದೆಂಥದು ಕೇಳುತ್ತೀ ಎಂದು ಬಾಯಿ ಮಾಡಿದಳು. ಅವತ್ತಿನಿಂದ ಆಕೆ ಅವರಿಗೆ ಇಟ್ಟ ಹೆಸರು ಹುಳದ ಸಾಬ್ರು. ಅವರು ಎದೆಯ ಮೇಲೆ ಕೈಯಿಟ್ಟು, ‘ಯವ್ವಾ, ನಿಮ್ಮ ಮನಿ ಸ್ವಚ್ಛ ಅದ ಅಂತ ಬರದುಕೊಡ್ಲಾಕೇ ಬಂದೀನಿ. ಮಾಲ್ ಇಲ್ಲದ ಹ್ಯಾಂಗ ಬರೀಲಿ?’ ಎಂದರು. ಹೊರಡುವಾಗ ಮೂವರಿಗೂ ಸೇರಿಸಿ ಕೇಳಿದರು: ಮಾಲಿನಲ್ಲಿ ನೆನೆಸಿದ ಅವಲಕ್ಕಿಯಂಥ ಬಿಳಿ ಚೂರು ಯಾವಾಗಾದರೂ ಕಂಡಿದೆಯೇ?

ತಾಯಿ ಛೀ ಅಂದಳು. ಮಹಾದೇವಿ ಇಲ್ಲ ಅಂದಳು. ನಾನೂ ಇಲ್ಲ ಅಂದೆ.

ನಾನು ಒಂದು ವರ್ಷದಿಂದ ನೋಡುತ್ತಿದ್ದೆ. ಡಬ್ಬಿ ಕೆಲಸಕ್ಕಿಂತ ಮೊದಲು ನಾನು ಲಾರಿ ಡ್ರೈವರ್. ನಂದೂರಿನ ತೊಗರಿ ಬೇಳೆ ಗೋವಾಕ್ಕೆ ಹಾಕುತ್ತಿದ್ದೆ. ಅಲ್ಲಿ ತಿಂದೆ. ಮೊದಲ ಸಲ ಗೆಳೆಯರ ಹಟಕ್ಕೆ, ಆಮೇಲೆ ನಾಲಿಗೆಯ ಹಟಕ್ಕೆ. ಮನೆಗೆ ಬರುವ ಮೊದಲು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬರುತ್ತಿದ್ದೆ. ಮಹಾದೇವಿಗೆ ಗೊತ್ತಾದರೆ ಆಕೆ ಒಂದು ದಿನ ಆ ಮನೆಯಲ್ಲಿ ಇರುವವಳಲ್ಲ. ತಾಯಿ ನನ್ನ ಕೈಯ ನೀರು ಕುಡಿಯುವವಳಲ್ಲ. ಡಬ್ಬಿಯ ಊಟ ನಡೆಯುತ್ತಿದ್ದದ್ದೇ ‘ಶುದ್ಧ ಲಿಂಗಾಯತರ ಊಟ’ ಎಂಬ ಹೆಸರಿನ ಮೇಲೆ.

ಆ ಬೆಳಿಗ್ಗೆ ಓಣಿಯ ಕೊನೆಯ ಎಮ್ಮೆಯ ಕೊಟ್ಟಿಗೆಗೆ ಹೋದೆ. ಅಲ್ಲಿಂದ ನನ್ನ ಡಬ್ಬಿ ತುಂಬಿಸಿದೆ. ನೀರು, ಒಂದಿಷ್ಟು ಬೇಳೆ ಕಲಸಿ ಹದಕ್ಕೆ ತಂದೆ. ಕೊಟ್ಟುಬಿಟ್ಟೆ.

ಮರುದಿನ ಚಾಚಾ ಮತ್ತೆ ಬಂದರು. ಮನೆಯವರ ಮುಂದೆ, ನನ್ನ ಡಬ್ಬಿ ದಾರಿಯಲ್ಲಿ ಒಡೆಯಿತು, ಇನ್ನೊಂದು ಬೇಕು ಎಂದರು. ಚಹಾ ಕುಡಿಯೋಣ ಬರ್ರಿ ಎಂದು ಹೊರಗೆ ಕರೆದರು. ಹೊರಗೆ ಚಹಾ ಕುಡಿಯದ ಮನುಷ್ಯ. ನನಗೊಂದು ಕೊಡಿಸಿ, ನಾನು ಅರ್ಧ ಕುಡಿಯುವ ತನಕ ಕಾದು ಕೇಳಿದರು:

‘ನೀವು ದಿನಾ ಎಷ್ಟು ಕಟ್ಟು ಹುಲ್ಲ ತಿಂತೀರಿ?’

ನಾನು ಕಪ್ಪು ಕೆಳಗಿಟ್ಟೆ.

‘ಇಷ್ಟು ವರ್ಷದಾಗ ಎಮ್ಮಿ ಮಾಲ್ ನೋಡಿದ್ದಿಲ್ಲ. ಎಮ್ಮಿಗಿ ಏನೂ ರೋಗ ಇಲ್ರಿ, ಮಾಲಕರಿಗಿ ಹೇಳ್ರಿ.’ ನಗಲಿಲ್ಲ. ‘ನೋಡ್ರಿ, ಆ ಪ್ರಾಣಿ ಹೆಸರು ನಿಮ್ಮ ಮನ್ಯಾಗೂ ತಗೊಳ್ಳಂಗಿಲ್ಲ, ನಮ್ಮ ಮನ್ಯಾಗೂ ತಗೊಳ್ಳಂಗಿಲ್ಲ. ನಾ ತಗೊಳ್ಳಲ್ಲ, ನೀವೂ ತಗೋಬ್ಯಾಡ್ರಿ. ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ.’

ನಾನು ಎರಡೂ ಅನ್ನಲಿಲ್ಲ. ನಾಳೆ ಕೊಡುತ್ತೇನೆ ಅಂದೆ. ಹಾಗಾದರೆ ಅಲ್ಲಿಯ ತನಕ ಪಚಡಿ ಒಂದು ನಿಲ್ಲಿಸಿರಿ ಎಂದು ಕೈಮುಗಿದರು.

ಪಚಡಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮಹಾದೇವಿ ಯಾಕೆ ಅನ್ನುತ್ತಿದ್ದಳು. ಹನ್ನೊಂದು ದಿನ ಹೀಗೇ ಕಳೆದವು. ದಿನವೂ ಬೆಳಿಗ್ಗೆ ಅವರು ಬಂದು ಬಾಗಿಲಲ್ಲಿ ನಿಲ್ಲುವರು, ನಾನು ಇವತ್ತು ಬರಲಿಲ್ಲ ಅನ್ನುವೆ, ಅವರು ಹೋಗುವರು. ಡಾಕ್ಟರಿಗೆ ಹೇಳಲಿಲ್ಲ, ಮಿಲ್ಲಿಗೆ ಹೇಳಲಿಲ್ಲ, ಹೆದರಿಸಲಿಲ್ಲ. ಹನ್ನೆರಡನೆಯ ದಿನ, ಪಚಡಿ ನಿಂತಿಲ್ಲವೆಂದು ತಿಳಿದು, ನನ್ನ ಮೊಣಕೈ ಹಿಡಿದು ವಾರ್ಡಿಗೆ ಕರೆದುಕೊಂಡು ಹೋದರು. ಯಾರನ್ನೂ ಮುಟ್ಟದವರು ಮುಟ್ಟಿದರು. ಬಾಗಿಲ ಸಂದಿಯಿಂದ ನೋಡಲು ಹೇಳಿದರು. ಕೇಶವ ಊಟಕ್ಕೆ ಕೂತಿದ್ದ. ಬಲಗೈ ನಡುಗಿ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದು ಎತ್ತಿ ಉಣ್ಣುತ್ತಿದ್ದ. ಅವನು ಮೊದಲು ಎತ್ತಿಕೊಂಡದ್ದು ಅಂದು ಬೆಳಿಗ್ಗೆ ನಾನು ಕಲಸಿದ್ದ ಪಚಡಿ.

ನಾನು ಓಡಿಹೋಗಿ ಅದನ್ನು ಕಸಿದುಕೊಂಡೆ. ಕೇಶವ ತಬ್ಬಿಬ್ಬಾಗಿ ನೋಡಿದ. ಹಳಸಿದೆ ಅಂದೆ. ಹಿಂದಿರುಗಿ ಚಾಚಾಗೆ ಹೂಂ ಅಂದೆ. ಡಬ್ಬಿ ಅಂದೇ ಕೊಟ್ಟೆ.

ಒಂದು ದಿನದ ಔಷಧ. ಮನೆಯ ಮೂವರಿಗೂ ಒಟ್ಟಿಗೇ ಕೊಟ್ಟರು, ಯಾರದೆಂದು ತಿಳಿಯದಂತೆ. ಅದಕ್ಕೂ ಮೊದಲೇ ಮೂವರ ತಲೆಯನ್ನೂ ಸ್ಕ್ಯಾನ್ ಮಾಡಿಸಿದ್ದರು, ಯಾರಿಗೂ ಏನೂ ಇರಲಿಲ್ಲ. ಡಾಕ್ಟರಿಗೆ ಹೋದ ವರದಿಯಲ್ಲಿ ಅಡಿಗೆಮನೆಯ ಮೂಲ ಮುಚ್ಚಿದೆ ಎಂದಷ್ಟೇ ಇತ್ತು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಔಷಧದ ನಂತರ ಹೊರಬಿದ್ದದ್ದರಲ್ಲಿ ಹುಳದ ತಲೆ ಸಿಕ್ಕಿತ್ತು. ‘ನಿಮ್ದೇ, ನೋಡ್ರಿ.’ ಗಾಜಿನಲ್ಲಿ ಒಂದು ದುಂಡನೆಯ ಮುಖ, ಸುತ್ತ ಕೊಕ್ಕೆಗಳ ಎರಡು ಸಾಲು. ನಾನು ವಾಂತಿ ಮಾಡಿಕೊಂಡೆ. ಅವರು ಬಕೆಟ್ಟು ಹಿಡಿದರು.

ಮೂರು ತಿಂಗಳ ನಂತರದ ನನ್ನ ಡಬ್ಬಿಯೂ ಸ್ವಚ್ಛ ಬಂದ ದಿನ ಚಾಚಾ ಮಧ್ಯಾಹ್ನ ನಮ್ಮ ಮನೆಗೆ ಬಂದರು. ಕೂತರು. ನನ್ನ ತಾಯಿಗೆ ಕೇಳಿಸುವಂತೆ, ಹಸಿವೆಯಾಗಿದೆ, ನಿಮ್ಮ ಮಗನ ಕೈಯ ಪಚಡಿ ಬಹಳ ಹೆಸರಾಗಿದೆಯಂತೆ, ಒಂದು ವಾಟಗಾ ಕೊಡಿಸ್ರಿ ಎಂದರು. ನನ್ನ ಕೈ ಏಳಲಿಲ್ಲ. ಅವರು ನಲ್ಲಿಯ ಹತ್ತಿರ ನಿಂತು ನನಗೆ ಕೈ ತೊಳೆಯುವುದನ್ನು ತೋರಿಸಿದರು: ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು. ಆಮೇಲೆ ನಾನು ಹೆಚ್ಚಿ ಕಲಸಿದ್ದನ್ನು ಪೂರಾ ಉಂಡರು, ಬಟ್ಟಲು ಒರೆಸಿ. ಹೊರಗೆ ಬಾಳೆಹಣ್ಣು ಬಿಟ್ಟು ಏನೂ ತಿನ್ನದವರು. ನನ್ನ ತಾಯಿ ಅವತ್ತು ಅವರಿಗೆ ಎರಡು ಖಡಕ್ ರೊಟ್ಟಿ ಕಟ್ಟಿಕೊಟ್ಟಳು. ಹೆಸರು ಮಾತ್ರ ಹುಳದ ಸಾಬ್ರು ಎಂದೇ ಉಳಿಯಿತು.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಕೇಶವ ವಾಸಿಯಾದ. ಗುಳಿಗೆ ಕಡಿಮೆಯಾದವು, ಗೇಟಿನ ಕೆಲಸ ಉಳಿಯಿತು. ಆದರೆ ಅವನಿಗೆ ಛಾರೇ ರೋಗ ಎಂಬ ಸುದ್ದಿ ನೇಪಾಳ ಮುಟ್ಟಿತ್ತು. ಮದುವೆಯಲ್ಲಿ ರೋಗ ಮುಚ್ಚಿಟ್ಟರು ಎಂದು ಹೆಂಡತಿಯ ಕಡೆಯವರು ಆಕೆಯನ್ನೂ ಚಿಕ್ಕ ಮಗಳನ್ನೂ ತವರಿಗೆ ಕರೆದೊಯ್ದರು. ಚಾಚಾ ಹಿಂದಿಯಲ್ಲಿ ಒಂದು ಕಾಗದ ಬರೆದು ಕಳಿಸಿದರು: ಇದು ವಂಶದ ರೋಗವಲ್ಲ, ಹುಳದಿಂದ ಬಂದದ್ದು ಎಂದು. ಅದರಿಂದ ಕೆಲಸ ಇನ್ನೂ ಕೆಟ್ಟಿತು. ಹುಳವೆಂದರೆ ಆ ಮಾಂಸ ತಿಂದಿದ್ದಾನೆ, ಪರದೇಶದಲ್ಲಿ ಜಾತಿ ಕಳೆದುಕೊಂಡಿದ್ದಾನೆ ಎಂದು ಮಾವ ಬಾಗಿಲನ್ನೇ ಮುಚ್ಚಿದ. ಅವನು ತಿಂದಿಲ್ಲ ಎನ್ನಲು ಒಂದೇ ದಾರಿ. ತಿಂದವನು ಯಾರು ಎಂದು ಹೇಳಬೇಕು.

ಆ ಮಾತು ಗೊತ್ತಿದ್ದದ್ದು ಇಬ್ಬರಿಗೆ. ಚಾಚಾ ನನಗೆ ಒಮ್ಮೆ ಮಾತ್ರ ಬಿಡಿಸಿ ಹೇಳಿದರು. ‘ಮಾಲ್ ನೋಡೋದು ನನ್ನ ಕೆಲಸ, ಮಾಡಿದೆ. ಹೇಳೋದು ನಿಮ್ಮ ಕೆಲಸ. ನಿಮ್ಮ ಮಾತು ನಾ ಆಡಿದ್ರ ಅದು ಚಾಡಿ ಆಗ್ತದ.’ ನಿಮ್ಮಿಂದಲೇ ಎಂದು ನೂರಕ್ಕೆ ನೂರು ಹೇಳಲು ಬರುವುದಿಲ್ಲ, ತತ್ತಿಯ ಮೇಲೆ ಹೆಸರು ಬರೆದಿರುವುದಿಲ್ಲ ಎಂದೂ ಹೇಳಿದ್ದರು. ಅವರು ಪ್ರಾಮಾಣಿಕತೆಯಿಂದ ಬಿಟ್ಟ ಆ ಸಣ್ಣ ಸಂದಿಯೊಳಗೆ ನಾನು ಮೂರು ವರ್ಷ ಅವಿತುಕೊಂಡೆ. ಆಮೇಲೆ ಎಲ್ಲಿ ಭೇಟಿಯಾದರೂ, ಬಸ್ಸಿನಲ್ಲಿ, ಸಂತೆಯಲ್ಲಿ, ವರ್ಷಕ್ಕೊಮ್ಮೆ ಅವರು ಶೆಡ್ಡಿನವರನ್ನೂ ನನ್ನನ್ನೂ ಪುಕ್ಕಟೆ ಪರೀಕ್ಷೆ ಮಾಡಲು ಬಂದಾಗ, ಎದೆಯ ಮೇಲೆ ಕೈಯಿಟ್ಟು ಒಂದೇ ಪ್ರಶ್ನೆ: ‘ಹೇಳಿದ್ರೇನ್ರಿ?’ ನಾನು ಇನ್ನೂ ಇಲ್ಲ ಅನ್ನುವೆ. ಅವರು ತಲೆಯಾಡಿಸಿ ಬೇರೆ ಮಾತಿಗೆ ಹೋಗುವರು. ಸಿಟ್ಟಿಲ್ಲ, ಬೇಸರವೂ ಇಲ್ಲ. ಆ ಮುಂಜಾನೆಯ ಫೋನಿನಲ್ಲೂ ನಗು ಮುಗಿಸಿ ಕೇಳಿದ್ದರು. ಉಳ್ಳಾಗಡ್ಡಿ ಸುಲಿಯುತ್ತ, ಹನ್ನೊಂದಕ್ಕೆ ಬರ್ರಿ, ಮಾತಾಡೋಣ ಎಂದಿದ್ದೆ.

ಕಮಲಾಪುರಕ್ಕೆ ಮಹಾದೇವಿಯೂ ಬಂದಳು. ಆಕೆ ಹೆಂಗಸರ ಜೊತೆ ಮನೆಯೊಳಗೆ ಕೂತಳು, ನಾನು ಗಂಡಸರ ಹಿಂದೆ ಕಬರಸ್ತಾನಕ್ಕೆ ಹೋದೆ. ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದೆ. ನನ್ನ ಪಕ್ಕ ಮಣ್ಣು ಹಾಕುತ್ತಿದ್ದವನು ಕೇಶವ. ಡ್ಯೂಟಿ ಬಿಟ್ಟು ಬಂದಿದ್ದ. ಬಲಗೈ ಈಗ ನಡುಗುತ್ತಿರಲಿಲ್ಲ.

ಹಿಂದಿರುಗಿ ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಕೇಶವ ತಾನಾಗಿ ಹೇಳತೊಡಗಿದ: ಚಾಚಾ ಇನ್ನೊಂದು ಕಾಗದ ಬರೆಯುವೆ ಎಂದಿದ್ದರು, ಅದರಲ್ಲಿ ಪೂರಾ ಸಂಗತಿ ಇರುತ್ತದೆ, ಸ್ವಲ್ಪ ತಾಳು ಎಂದಿದ್ದರು, ಇನ್ನು ಅದನ್ನು ಯಾರು ಬರೆಯುತ್ತಾರೆ? ಮಗಳಿಗೆ ಆರು ವರ್ಷವಾಯಿತು, ಫೋನಿನಲ್ಲಿ ಅಪ್ಪ ಅನ್ನುವುದನ್ನೂ ಬಿಟ್ಟಿದ್ದಾಳೆ.

ಅವರು ನನಗಾಗಿ ಕಾಯುತ್ತಿದ್ದುದು ಮಾತ್ರವಲ್ಲ, ಅವನನ್ನೂ ಕಾಯಿಸುತ್ತಿದ್ದರು. ಮೂರು ವರ್ಷ, ನನ್ನ ಒಂದು ಮಾತಿಗಾಗಿ, ಈ ಎರಡೂ ಕಡೆಯ ಭಾರ ಒಬ್ಬರೇ ಹೊತ್ತು ಬಸ್ಸಿನಲ್ಲಿ ಓಡಾಡಿದ್ದರು. ಅದು ನನಗೆ ಗೊತ್ತೇ ಇರಲಿಲ್ಲ.

ನನ್ನ ಹರಕು ಹಿಂದಿಯಲ್ಲಿ ಹೇಳಿಬಿಟ್ಟೆ. ಗೋವಾ, ಬಿಳಿ ಚೂರು, ಎಮ್ಮೆಯ ಡಬ್ಬಿ, ಹನ್ನೊಂದು ದಿನ, ಎಲ್ಲಾ. ಹೊಡೆಯುತ್ತಾನೆಂದು ಕಾದೆ. ಅವನು ನನ್ನ ಕೈಯನ್ನೇ ನೋಡುತ್ತಿದ್ದ.

‘ಪಚಡಿ?’ ಎಂದ.

ಹೌದೆಂದೆ.

‘ಮೈ ರೋಜ್ ದೋ ಬಾರ್ ಮಾಂಗ್ತಾ ಥಾ,’ ಎಂದ. ದಿನಾ ಎರಡು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದೆ.

ನಾನು ಕ್ಷಮಿಸು ಎಂದು ಬಾಯಿ ತೆರೆದೆ. ಅವನು ಕೈ ಅಡ್ಡ ಮಾಡಿ ಜೇಬಿನಿಂದ ಫೋನು ತೆಗೆದ.

‘ಮುಝೆ ನಹೀ. ಉಧರ್ ಬೋಲೋ.’ ನನಗಲ್ಲ, ಅಲ್ಲಿ ಹೇಳು.

ಫೋನು ಆ ಕಡೆ ರಿಂಗಾಗತೊಡಗಿತು. ಅದೇ ಹೊತ್ತಿಗೆ ಮಹಾದೇವಿ, ಬಸ್ಸಿಗೆ ತಡವಾಗುತ್ತದೆ ಎಂದು ಒಳಗಿನಿಂದ ಬಂದು ನನ್ನ ಪಕ್ಕ ನಿಂತಳು. ಆಕೆ ಬಂದದ್ದನ್ನು ನೋಡಿದೆ. ಆಚೆ ಹೋಗು ಎನ್ನಬಹುದಿತ್ತು. ಹೆಣ್ಣುದನಿ ಹಲೋ ಅಂದಿತು. ಕೇಶವ ತನ್ನ ಮಾತಿನಲ್ಲಿ ಒಂದು ವಾಕ್ಯ ಹೇಳಿ ಫೋನು ನನ್ನ ಕೈಗಿಟ್ಟ.

ಅದೇ ಹಿಂದಿಯಲ್ಲಿ ನನ್ನ ಹೆಸರು ಹೇಳಿದೆ, ಊರು ಹೇಳಿದೆ. ನಿಮ್ಮ ಗಂಡನಿಗೆ ಊಟ ಕೊಡುವವನು ನಾನು ಅಂದೆ. ಅವರು ತಿಂದಿಲ್ಲ, ತಿಂದವನು ನಾನು, ನನ್ನ ಕೈಯಿಂದ ಅವರ ಊಟಕ್ಕೆ ಹೋಯಿತು ಅಂದೆ. ಪಕ್ಕದಲ್ಲಿ ಮಹಾದೇವಿಯ ಬಳೆಯ ಸದ್ದು ನಿಂತಿತು.

ಆ ಕಡೆಯ ಹೆಂಗಸು ಎರಡೇ ಪ್ರಶ್ನೆ ಕೇಳಿದಳು. ಹುಟ್ಟಿನಿಂದ ಬಂದದ್ದಲ್ಲವೇ? ಅಲ್ಲ. ಇವರು ಮುಟ್ಟಿಯೇ ಇಲ್ಲವೇ? ಇಲ್ಲ. ಆಮೇಲೆ ತಡೆಯಿರಿ ಅಂದಳು. ಹೆಜ್ಜೆಯ ಸದ್ದು, ಬಾಗಿಲು, ಒಬ್ಬ ಮುದುಕರ ಕೆಮ್ಮು ಕೇಳಿಸಿತು. ಅಪ್ಪ ಇದ್ದಾರೆ, ಅಣ್ಣಂದಿರೂ ಇದ್ದಾರೆ, ಸ್ಪೀಕರಿಗೆ ಹಾಕಿದ್ದೇನೆ, ಮೊದಲಿನಿಂದ ಮತ್ತೊಮ್ಮೆ ಹೇಳಿ ಎಂದಳು.

ನಾನು ಮಹಾದೇವಿಯ ಕಡೆ ನೋಡಿದೆ. ಆಕೆ ನನ್ನನ್ನು ನೋಡಲಿಲ್ಲ. ಗೋಡೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಳು, ಕೇಶವನ ಆಚೆ ಬದಿಗೆ, ನನ್ನಿಂದ ದೂರ. ಸೆರಗು ಎಳೆದುಕೊಂಡಳು.

‘ಜೋರ್ ಹೇಳ್ರಿ,’ ಎಂದಳು. ‘ಮುದುಕರಿಗಿ ಕೇಳ್ಲಿ.’

ನಾನು ಜೋರಾಗಿ, ಮೊದಲಿನಿಂದ ಹೇಳಿದೆ.